ರಾಜಮನೆತನದ ಅಜ್ಜಿ ಹಿಂಬಾಗಿಲಿಗೆ ಬಂದದ್ದು

ಅರಕೆರೆ

ದೊಡ್ಡವರ ಭೇಟಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕು ಕಚೇರಿಗಳಲ್ಲಿ ಕುರ್ಚಿ ಸವೆಸಿ ಶಿರಸ್ತೇದಾರನಾಗಿ ನಿವೃತ್ತಿಯಾದವನು ನಾನು. ಮಂತ್ರಿಗಳು ಬರುತ್ತಾರೆ ಅಂತ ಫೋನು ಬಂದರೆ ಸಾಕು, ಯಾವ ತಹಸೀಲ್ದಾರರಾದರೂ ಮೊದಲು ಕೂಗುತ್ತಿದ್ದದ್ದು ನನ್ನ ಹೆಸರನ್ನೇ. ಹಾರ ಎಷ್ಟು, ಮೈಸೂರು ಪೇಟ ಎಷ್ಟು, ವೇದಿಕೆಯ ಮೇಲೆ ಯಾರ ಪಕ್ಕ ಯಾರನ್ನು ಕೂರಿಸಿದರೆ ಮಾರಾಮಾರಿ ಆಗುತ್ತದೆ, ಎಲ್ಲವೂ ನನ್ನ ಬೆರಳ ತುದಿಯಲ್ಲಿತ್ತು. ಚಿನಕುರಳಿ ಕಡೆಯಿಂದ ತರಿಸಿದ ಶಂಕುಸ್ಥಾಪನೆಯ ಕಲ್ಲಿನಲ್ಲಿ ಒಬ್ಬ ಮಾಜಿ ಸದಸ್ಯರ ಹೆಸರು ಬಿಟ್ಟುಹೋಗಿ, ಅವರು ಕಲ್ಲಿನ ಮೇಲೇ ಹತ್ತಿ ಕೂತುಬಿಟ್ಟಿದ್ದರು. ಅವರನ್ನು ಸಮಾಧಾನ ಮಾಡಿ ಇಳಿಸಿದವನೂ ನಾನೇ.

ಇಷ್ಟೆಲ್ಲದರ ಹಿಂದೆ ಇನ್ನೊಬ್ಬಳಿದ್ದಳು. ನನ್ನ ಹೆಂಡತಿ ಜಯಲಕ್ಷ್ಮಿ, ಕಿಕ್ಕೇರಿಯವಳು, ಎಲ್ಲರ ಬಾಯಲ್ಲಿ ಜಯಮ್ಮ. ಪ್ರವಾಸಿ ಮಂದಿರದ ಅಡುಗೆಯವನ ಕೈರುಚಿ ದೇವರಿಗೇ ಪ್ರೀತಿ. ಹಾಗಾಗಿ ಮಂತ್ರಿಗಳ ಊಟವಿದ್ದ ದಿನ ಬೆಳಗ್ಗೆಯೇ ಇವಳನ್ನು ಜೀಪಿನಲ್ಲಿ ಕರೆದೊಯ್ದು ಅಲ್ಲಿನ ಒಲೆಯ ಮುಂದೆ ನಿಲ್ಲಿಸುತ್ತಿದ್ದೆ. ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲು ಮುಚ್ಚಿಸುವುದು ನನ್ನ ಕ್ರಮ. ಹೊಗೆ, ಬೆವರು, ಪಾತ್ರೆ ಸದ್ದು ಇವೆಲ್ಲ ದೊಡ್ಡವರ ಕಣ್ಣಿಗೆ ಬೀಳಬಾರದು ನೋಡಿ. ಮೂವತ್ತು ವರ್ಷ ಅಷ್ಟು ಜನರಿಗೆ ಬಡಿಸಲು ಬೇಯಿಸಿಕೊಟ್ಟವಳು ಅವರಲ್ಲಿ ಒಬ್ಬರ ಮುಖವನ್ನೂ ಎದುರಿಗೆ ನಿಂತು ನೋಡಿರಲಿಲ್ಲ. ನೋಡಬೇಕು ಅಂತ ಅವಳಿಗಿದೆ ಅನ್ನುವುದೂ ನನ್ನ ತಲೆಗೆ ಹೋಗಿರಲಿಲ್ಲ.

ಜಯಮ್ಮನ ತಂಗಿ ರತ್ನ ನರ್ಸಾಗಿ ಇಂಗ್ಲೆಂಡಿಗೆ ಹೋದವಳು ಅಲ್ಲೇ ನೆಲೆಯಾಗಿ, ಈಗ ನಿವೃತ್ತಿಯಾಗಿ, ಮುದುಕರಿಗೆ ಊಟ ಹಾಕುವ ಒಂದು ಧರ್ಮಸಂಸ್ಥೆಯಲ್ಲಿ ಪುಕ್ಕಟೆ ದುಡಿಯುತ್ತಾಳೆ. ಬನ್ನಿ ಬನ್ನಿ ಅಂತ ಹತ್ತು ವರ್ಷ ಕರೆದಳು, ನಾನು ಅದೂ ಇದೂ ನೆಪ ಹೇಳಿದೆ. ಈ ಸಲ ಫೋನಿನಲ್ಲಿ, ನಮ್ಮ ಸಂಸ್ಥೆಯ ಹೊಸ ಅಡುಗೆಮನೆ ಉದ್ಘಾಟನೆಗೆ ರಾಜಮನೆತನದ ಹಿರಿಯರೊಬ್ಬರು ಬರುತ್ತಾರೆ ಬಾವ, ಅಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಪಾಸ್‌ಪೋರ್ಟು ಎಲ್ಲಿಟ್ಟಿದ್ದೇನೆ ಅಂತ ಬೀರು ತೆಗೆದೆ. ಮಂತ್ರಿ ಮಹೋದಯರನ್ನೆಲ್ಲ ನೋಡಿಯಾಗಿತ್ತು. ರಾಜವಂಶದ ಶಿಷ್ಟಾಚಾರ ಒಂದು ಬಾಕಿಯಿತ್ತು.

ಸೂಟ್‌ಕೇಸಿಗೆ ಸೀರೆ ಮಡಿಸಿಡುತ್ತಾ ಜಯಮ್ಮ ಒಂದೇ ಒಂದು ಮಾತು ಕೇಳಿದಳು. “ಅಲ್ಲಾದ್ರೂ ಒಂದ್ಸಲ ನಾನು ಮುಂದೆ ನಿಂತ್ಕೊಂಡು ನೋಡ್ಬೋದೇನ್ರೀ?”

ನೋಡೋಣ ಅಂದೆ. ಕಚೇರಿಯಲ್ಲಿ ಅರ್ಜಿ ಕೊಟ್ಟವರಿಗೆಲ್ಲ ನಾನು ಹೇಳುತ್ತಿದ್ದದ್ದು ಅದೇ ಮಾತು.

ವಿಮಾನ ನಿಲ್ದಾಣ

ಇಂಗ್ಲೆಂಡಿಗೆ ಕಾಲಿಟ್ಟ ಅರ್ಧ ಗಂಟೆಯಲ್ಲೇ ನಮ್ಮನ್ನು ಪಕ್ಕಕ್ಕೆ ಕರೆದರು. ಯಂತ್ರದ ಒಳಗೆ ನಮ್ಮ ಸೂಟ್‌ಕೇಸು ಹೋದಾಗ ಪರದೆಯ ಮೇಲೆ ಒಂದು ದೊಣ್ಣೆ ಕಂಡಿತಂತೆ. ಮುದ್ದೆ ತೊಳಸುವ ಕೋಲು. ಇದು ಬೇಡ ಕಣೇ ಅಂತ ನಾನು ಬಡಕೊಂಡಿದ್ದೆ. ಅಲ್ಲಿ ಮರದ ಕೋಲು ಸಿಗಕಿಲ್ವಂತೆ, ರತ್ನ ಸೌಟಲ್ಲಿ ತೊಳಸ್ತಾಳಂತೆ ಅಂತ ಜಯಮ್ಮ ಅದನ್ನು ರಾಗಿಹಿಟ್ಟಿನ ಪೊಟ್ಟಣಗಳ ನಡುವೆ ತುರುಕಿದ್ದಳು.

ಗಿಡ್ಡ ಕೂದಲಿನ ಅಧಿಕಾರಿಣಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಇದೇನು ಅಂದಳು. ನಾನು ಕಚೇರಿ ಇಂಗ್ಲಿಷಿನಲ್ಲಿ ವಿಷಯ ಮತ್ತು ಉಲ್ಲೇಖ ಸಮೇತ ವಿವರಣೆಗೆ ಶುರುವಿಟ್ಟೆ. ಎರಡು ವಾಕ್ಯಕ್ಕೇ ಆಕೆಯ ಹುಬ್ಬು ಮೇಲೇರಿತು. ಅಷ್ಟರಲ್ಲಿ ಜಯಮ್ಮ ಕೋಲನ್ನು ಆಕೆಯ ಕೈಯಿಂದಲೇ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದಂತೆ ನಿಂತು ತೊಳಸಿ ತೋರಿಸಿದಳು. ಆಮೇಲೆ ಅಂಗೈಯಲ್ಲಿ ಉಂಡೆ ಕಟ್ಟಿ ನುಂಗಿ ತೋರಿಸಿದಳು. ಅಧಿಕಾರಿಣಿ ನಕ್ಕು, ತನ್ನ ಜೊತೆಯವನನ್ನೂ ಕರೆದು, ಇನ್ನೊಮ್ಮೆ ಮಾಡಿ ಅಂದಳು. ಇನ್ನೊಮ್ಮೆ ಮಾಡಿದಳು. ಹಿಂದೆ ಸಾಲಿನಲ್ಲಿ ನಿಂತ ಒಬ್ಬರೂ ಗೊಣಗಲಿಲ್ಲ. ಈ ದೇಶದಲ್ಲಿ ಸಾಲಿನಲ್ಲಿ ನಿಲ್ಲುವುದನ್ನು ಜನ ಸಂಧ್ಯಾವಂದನೆಯ ಹಾಗೆ ಮಾಡುತ್ತಾರೆ ಅಂತ ಅವತ್ತೇ ತಿಳಿಯಿತು.

ರತ್ನಳ ಊರು

ಅದು ಇಂಗ್ಲೆಂಡಿನ ಉತ್ತರದ ಕಡೆಯ ಒಂದು ಊರು. ಶ್ರೀರಂಗಪಟ್ಟಣದಷ್ಟು ಇರಬಹುದು, ಹಾರ್ನು ಮಾತ್ರ ಇಲ್ಲ. ಬಂದ ಮೊದಲ ದಿನ ಇಡೀ ಊರು ಯಾವುದೋ ಸಾವಿಗೆ ಹೋಗಿದೆ ಅಂದುಕೊಂಡೆ, ಅಷ್ಟು ಸದ್ದಿಲ್ಲ. ಬಸ್ಸಿಂದ ಇಳಿಯುವವರೆಲ್ಲ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಅರಕೆರೆ ಬಸ್ಸಿನಲ್ಲಿ ಹೀಗೆ ಮಾಡಿದರೆ ಡ್ರೈವರು ಹೆದರಿ ಗಾಡಿ ಆಫ್ ಮಾಡಿಯಾನು.

ಬುಧವಾರ ಬುಧವಾರ ಚರ್ಚಿನ ಪಕ್ಕದ ದೊಡ್ಡ ಹಾಲ್‌ನಲ್ಲಿ ಮುದುಕರ ಊಟ. ಐವತ್ತು ಅರವತ್ತು ಜನ ಬರುತ್ತಾರೆ. ಊಟದ ಮುಂಚೆ ಇಸ್ಪೀಟು, ಊಟವಾದ ಮೇಲೆ ಚಹಾ. ಹೇಗಿದ್ದೀರಿ ಅಂದರೆ ಎಲ್ಲರದೂ ಒಂದೇ ಉತ್ತರ, ಅಷ್ಟೇನೂ ಕೆಟ್ಟದಾಗಿಲ್ಲ. ಮಂಡಿಗೆ ಆಪರೇಷನ್ ಆದವನೂ ಅದನ್ನೇ ಅಂದ, ಲಾಟರಿ ಹೊಡೆದವಳೂ ಅದನ್ನೇ ಅಂದಳು. ಇದನ್ನೆಲ್ಲ ನಡೆಸುವವಳು ಮೌರೀನ್ ಅಂತ ಎತ್ತರದ ಹೆಂಗಸು. ಪಾತ್ರೆ ತೊಳೆಯುವುದು ಡೋರೀನ್ ಎಂಬ ಎಪ್ಪತ್ತಾರರ ಅಜ್ಜಿ. ಅವಳು ಹಿಂದೆ ಶಾಲೆಯ ಹೆಡ್ಮೇಡಮ್ಮು ಅಂತ ಗೊತ್ತಾದ ಮೇಲೆ ನಾನು ಎದ್ದು ನಿಂತೇ ಮಾತಾಡಿಸುತ್ತಿದ್ದೆ.

ಮೊದಲ ಬುಧವಾರ ಜಯಮ್ಮ ಸುಮ್ಮನೆ ಕೂತು ಊಟ ನೋಡಿದಳು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್ಟು, ಬೇಯಿಸಿದ ಇನ್ನೊಂದೇನೋ. ಬಾಣಂತಿಗೂ ಇಷ್ಟು ಸಪ್ಪೆ ಹಾಕಾಕಿಲ್ಲ ಅಂತ ತಂಗಿಯ ಕಿವಿಯಲ್ಲಿ ಅಂದಳಂತೆ. ಎರಡನೆಯ ಬುಧವಾರ ಅವಳು ಒಲೆಯ ಮುಂದಿದ್ದಳು. ಪಾಲಕ್ ಸೊಪ್ಪಿನಲ್ಲಿ ಬಸ್ಸಾರು, ಖಾರ ಕಾಲು ಭಾಗ, ಜೊತೆಗೆ ನಿಂಬೆಹಣ್ಣಿನಷ್ಟು ದಪ್ಪದ ಪುಟ್ಟ ಮುದ್ದೆ. ಇದನ್ನು ಅಗಿಯಬೇಕಾಗಿಲ್ಲ, ಜಾರಿಸಿ ನುಂಗಬೇಕು ಅಂತ ರತ್ನ ಸಾರಿದಾಗ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರ ಮೇಜಿನಲ್ಲಿ ಒಂದು ಗೆಲುವೇ ಬಂದುಬಿಟ್ಟಿತು. ಮೂರನೆಯ ಬುಧವಾರ ಎರಡನೆಯ ಸಲ ಬಡಿಸಿ ಅಂತ ತಟ್ಟೆ ಹಿಡಿದು ಸಾಲು ನಿಂತರು. ಮೌರೀನ್ ಮುದ್ದೆಗೂ ಒಂದು ಚೀಟಿ ಬರೆದು ಅಂಟಿಸಿದಳು. ಯಾವುದಕ್ಕೆ ಏನು ಹಾಕಿದೆ, ಯಾರ ಮೈಗೆ ಏನು ಒಗ್ಗುವುದಿಲ್ಲ ಅಂತ ಬರೆಯಲೇಬೇಕಂತೆ. ರಾಗಿ, ನೀರು, ಉಪ್ಪು ಅಷ್ಟೇ ಇದ್ದ ಆ ಚೀಟಿಯನ್ನು ಅವಳು ಮೂರು ಸಲ ಓದಿ, ಇನ್ನೇನೂ ಇಲ್ಲವೇ ಅಂತ ಕೇಳಿದಳು.

ಕೈಗಡಿಯಾರದ ಮನುಷ್ಯ

ಬರುವ ಅತಿಥಿಯ ಹೆಸರು ಹೇಳುವುದಿಲ್ಲ. ಅಪ್ಪಣೆಯಿಲ್ಲದೆ ಹೇಳುವುದು ಶಿಷ್ಟಾಚಾರವಲ್ಲ. ಅರಸರ ಬಳಗದಲ್ಲಿ ಹಿರಿಯರು, ಎಂಬತ್ತು ದಾಟಿದವರು, ಈ ಸಂಸ್ಥೆಗೆ ಬಹಳ ಕಾಲದಿಂದ ಪೋಷಕರು ಅಂದರೆ ಸಾಕು.

ಆ ಮನೆತನದ ಹಿರಿಯರ ವಿಚಾರ ರತ್ನ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಕಿರೀಟದ ಸಾಲಿನಲ್ಲಿ ಅವರ ನಂಬರು ಎಂದೂ ಬರುವುದಿಲ್ಲ. ಬರುವುದಿಲ್ಲ ಅಂತ ಅವರಿಗೂ ಗೊತ್ತು. ಆದರೂ ಇವತ್ತು ಕುರುಡರ ಶಾಲೆ, ನಾಳೆ ಆಸ್ಪತ್ರೆ, ನಾಡಿದ್ದು ಸಮುದ್ರದಲ್ಲಿ ಮುಳುಗುವವರನ್ನು ಎತ್ತುವ ದೋಣಿಯವರ ಠಾಣೆ, ಹೀಗೆ ಓಡಾಡುತ್ತಲೇ ಇರುತ್ತಾರೆ. ಒಬ್ಬೊಬ್ಬರ ಹೆಸರಿನಲ್ಲಿ ಎಷ್ಟೋ ಸಂಸ್ಥೆಗಳು. ಮದುವೆಯಾಗಿ ಹೊಸದಾಗಿ ಬಂದ ಚೆಂದದ ಸೊಸೆಯಂದಿರಿಗೆ ಟೀವಿಯವರು ಮುಗಿಬೀಳುತ್ತಾರೆ. ಈ ವಯಸ್ಸಾದವರು ಬರುವುದು ಇಂಥ ಸಣ್ಣ ಹಾಲ್‌ಗಳಿಗೆ, ಟೀವಿ ಕ್ಯಾಮೆರಾ ಇಲ್ಲದ ಕಡೆಗೆ. ಡೋರೀನ್ ತನ್ನ ಜೀವಮಾನದಲ್ಲಿ ಇಂಥ ಮೂವರ ಕೈ ಕುಲುಕಿದ್ದಾಳೆ. ಮೂವರೂ ಕೇಳಿದ್ದು ಒಂದೇ ಪ್ರಶ್ನೆಯಂತೆ: ದೂರದಿಂದ ಬಂದಿರಾ?

ಅವರು ಯಾವ ದಿನ ಎಲ್ಲಿಗೆ ಹೋದರು ಅನ್ನುವುದು ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಅಂತಲೂ ಕೇಳಿದೆ. ಅಂದರೆ ನಮ್ಮ ಟೂರ್ ಡೈರಿ. ನಾವು ತಿಂಗಳ ಕೊನೆಗೆ ಕೂತು ನೆನಪಿದ್ದಷ್ಟು ಮತ್ತು ನೆನಪಿಲ್ಲದಷ್ಟನ್ನೂ ಬರೆಯುತ್ತಿದ್ದೆವು. ಎಂಬತ್ತು ದಾಟಿದವರು ದಿನಾ ಬೂಟು ಹಾಕಿಕೊಂಡು ಹೊರಡುತ್ತಾರೆ ಅಂದರೆ ನಾನು ಐವತ್ತೆಂಟಕ್ಕೇ ಮಂಡಿನೋವಿನ ರಜೆ ಹಾಕಿದ್ದು ನೆನಪಾಗಿ ನಾಚಿಕೆಯಾಯಿತು.

ಭೇಟಿಗೆ ಒಂದು ವಾರ ಮುಂಚೆ ಅರಮನೆ ಕಡೆಯಿಂದ ಒಬ್ಬ ಕಾರ್ಯದರ್ಶಿ ಬಂದ. ಬಾಗಿಲಿಂದ ಅಡುಗೆಮನೆಗೆ, ಅಲ್ಲಿಂದ ಹಾಲಿಗೆ, ಹಾಲಿಂದ ಕಾರಿಗೆ ಕೈಗಡಿಯಾರ ನೋಡಿಕೊಂಡು ನಡೆದ, ಮುದುಕಿಯ ವೇಗದಲ್ಲಿ ಇನ್ನೊಮ್ಮೆ ನಡೆದ. ನನಗೆ ಎದೆ ತುಂಬಿ ಬಂತು. ಇಂಥ ಒಬ್ಬ ಮನುಷ್ಯ ಕೆ.ಆರ್.ಪೇಟೆಯಲ್ಲಿ ನನ್ನ ಜೊತೆ ಇದ್ದಿದ್ದರೆ ಅಂದುಕೊಂಡೆ.

ಸಂಸ್ಥೆಯವರ ಸಿದ್ಧತೆಯ ಸಭೆಯಲ್ಲಿ ನಾನೂ ಕೈಯೆತ್ತಿದೆ. ಪೂರ್ಣಕುಂಭ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ಎಲ್ಲ ಸೂಚಿಸಿದೆ. ಮೌರೀನ್ ಒಂದೊಂದನ್ನೂ ಬರೆದುಕೊಂಡು, ಬಹಳ ಚೆಂದದ ಯೋಚನೆ, ಬಹಳ ಚೆಂದದ ಯೋಚನೆ ಅಂದಳು. ನಾನು ಹಿಗ್ಗಿ ಹೀರೇಕಾಯಾದೆ. ಈ ದೇಶದಲ್ಲಿ ಚೆಂದದ ಯೋಚನೆ ಅಂದರೆ ಆಗುವುದಿಲ್ಲ ಅಂತ ಅರ್ಥ ಬಾವ, ಅಂತ ರತ್ನ ಮನೆಗೆ ಬಂದ ಮೇಲೆ ಹೇಳಿದಳು. ಕೊನೆಗೆ ಉಳಿದದ್ದು ಇಷ್ಟು: ಒಂದು ಮುಷ್ಟಿ ಹೂವು, ಗೋಡೆಯ ಮೇಲೆ ಒಂದು ಪುಟ್ಟ ಫಲಕ, ಅದಕ್ಕೊಂದು ಪುಟ್ಟ ಪರದೆ. ಫಲಕದಲ್ಲಿ ಒಂದೇ ಒಂದು ಹೆಸರು. ಕಲ್ಲಿನ ಮೇಲೆ ಹತ್ತಿ ಕೂರಲು ಯಾರಿಗೂ ಅವಕಾಶವೇ ಇಲ್ಲ.

ಆದರೆ ಹಿಂದಿನ ದಿನ ಶೌಚಾಲಯದ ಬಾಗಿಲಿಗೆ ಹೊಸ ಬಣ್ಣ ಬಳಿಯುತ್ತಿದ್ದದ್ದು ನೋಡಿ ಸಮಾಧಾನವಾಯಿತು. ಅದೊಂದರಲ್ಲಿ ನಾವೂ ಅವರೂ ಒಂದೇ.

ನನ್ನ ಇಂಗ್ಲಿಷು, ನನ್ನ ಅನುಭವ ಕಂಡು ಮೌರೀನ್ ನನಗೂ ಒಂದು ಕೆಲಸ ಕೊಟ್ಟಳು. ಕೊರಳಿಗೆ ಬ್ಯಾಡ್ಜು, ಮೈಗೆ ಕಿತ್ತಳೆ ಬಣ್ಣದ ಕೋಟು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು. ನಿವೃತ್ತಿಯಾದ ಮೇಲೆ ಮೊದಲ ಸಲ ನನ್ನ ಬೆನ್ನು ನೆಟ್ಟಗಾಯಿತು.

ಅವತ್ತು ಬೆಳಗ್ಗೆ ಜಯಮ್ಮ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಳು. ಮೇಲೆ ಸ್ವೆಟರು, ಅದರ ಮೇಲೆ ಸಂಸ್ಥೆಯ ಏಪ್ರನ್ನು. ನಿಂತಿರ್ತೀನಿ ಕಣ್ರೀ ಒಲೆ ತಾವ, ಮರೀಬ್ಯಾಡಿ ಅಂದಳು. ಎಲ್ಲಾ ನನ್ನ ಗಮನದಲ್ಲಿದೆ ಅಂದೆ.

ಉದ್ಘಾಟನೆಯ ದಿನ

ಹನ್ನೊಂದಕ್ಕೆ ಬರುತ್ತೇವೆ ಅಂದವರು ಹನ್ನೊಂದಕ್ಕೆ ಬರುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನನ್ನ ಇಡೀ ನೌಕರಿ ನಡೆದಿತ್ತು. ಹತ್ತು ಐವತ್ತೈದಕ್ಕೆ ಜಿಲ್ಲೆಯ ರಾಜಪ್ರತಿನಿಧಿ ಬಂದರು. ಹಳೇ ಕಾಲದ ಸಮವಸ್ತ್ರ, ಸೊಂಟದಲ್ಲಿ ನಿಜವಾದ ಕತ್ತಿ. ನಮ್ಮ ಡಿ.ಸಿ. ಸಾಹೇಬರಿಗೂ ಒಂದು ಕತ್ತಿ ಕೊಟ್ಟಿದ್ದರೆ ಎಷ್ಟು ಸಭೆಗಳು ಬೇಗ ಮುಗಿಯುತ್ತಿದ್ದವು. ಮುಂಬಾಗಿಲಲ್ಲಿ ಸಾಲು ನಿಂತವರಲ್ಲಿ ರತ್ನಳೂ ಇದ್ದಳು. ಕಾರು ತಿರುವಿನಲ್ಲಿ ಕಂಡಿತು ಅಂತ ಯಾರೋ ಸನ್ನೆ ಮಾಡಿದರು. ಒಂದೇ ಕಾರು, ಸೈರನ್ ಇಲ್ಲ.

ಆಗ ನಾನು ಅಡುಗೆಮನೆಯೊಳಗೆ ಕೊನೆಯ ಸಲ ಕಣ್ಣಾಡಿಸಿದೆ. ಫಳಫಳ ಹೊಸ ಒಲೆ, ಹೊಸ ಸಿಂಕು, ಹೊಸ ಕಪಾಟು. ಅವುಗಳ ಮುಂದೆ ಕೈ ಒರೆಸಿಕೊಳ್ಳುತ್ತಾ ಡೋರೀನ್, ಸಾರಿನ ಪಾತ್ರೆಯ ಹಬೆಯಲ್ಲಿ ಜಯಮ್ಮ.

ಇಲ್ಲಿ ನಾನೊಂದು ನಿಜ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಹೊಸ ಆಸ್ಪತ್ರೆ ಉದ್ಘಾಟನೆಯಿದ್ದರೆ ರೋಗಿಗಳನ್ನು ಹೊರಗೆ ಕಳಿಸುತ್ತೇವೆ. ಶಾಲೆಯ ಕೊಠಡಿಯಾದರೆ ಮಕ್ಕಳನ್ನು ಬಿಸಿಲಿಗೆ ಕೂರಿಸುತ್ತೇವೆ. ಕಟ್ಟಡ ನೋಡಲು ಬಂದವರಿಗೆ ಕಟ್ಟಡ ಕಾಣಬೇಕು, ಜನ ಅಡ್ಡ ಇರಬಾರದು. ಕಾರ್ಯಕ್ರಮದ ಹಾಳೆಯಲ್ಲಿ ‘ಮೊದಲು ಅಡುಗೆಮನೆ’ ಅಂತ ಇದ್ದದ್ದನ್ನು ನಾನು ಹಾಗೇ ಓದಿಕೊಂಡಿದ್ದೆ. ಮೂವತ್ತು ವರ್ಷದ ಕೈ ತಾನಾಗಿಯೇ ಮೇಲೆದ್ದಿತು. ಅತಿಥಿಗಳು ಬರುತ್ತಿದ್ದಾರೆ, ದಯವಿಟ್ಟು ಐದು ನಿಮಿಷ ಹೊರಗೆ, ಅಂತ ಗಟ್ಟಿ ದನಿಯಲ್ಲಿ ಹೇಳಿ ಹಿಂಬಾಗಿಲು ತೋರಿಸಿದೆ.

ಡೋರೀನ್ ಇದು ಭದ್ರತೆಯವರ ಆಜ್ಞೆ ಅಂದುಕೊಂಡಳಂತೆ. ಕಿತ್ತಳೆ ಕೋಟು ಹಾಕಿಕೊಂಡು ಗಟ್ಟಿಯಾಗಿ ಹೇಳಿದರೆ ಈ ದೇಶದ ಜನ ಸಮುದ್ರಕ್ಕೂ ಇಳಿಯುತ್ತಾರೆ. ಜಯಮ್ಮ ಒಂದು ಸಲ ನನ್ನ ಮುಖ ನೋಡಿದಳು. ಒಲೆಯ ಉರಿ ಸಣ್ಣ ಮಾಡಿ, ಡೋರೀನಳ ಹಿಂದೆ ಹೊರಟುಹೋದಳು. ಆಮೇಲೆ ಹಾಲಿನ ಹಿಂದಿನ ಸಾಲಿಗೆ ಕರೆತಂದರಾಯಿತು ಅಂದುಕೊಂಡು ನಾನು ಬಾಗಿಲು ಹಾಕಿ ಚಿಲಕ ಸರಿಸಿದೆ.

ಆ ಕಡೆಯ ಬಾಗಿಲು ತೆರೆಯಿತು. ಬಂದವರು ಗಿಡ್ಡಗೆ, ಬೆಳ್ಳಗೆ, ನೀಲಿ ಕೋಟು ಹಾಕಿ ಕೈಯಲ್ಲಿ ಪುಟ್ಟ ಚೀಲ ಹಿಡಿದ ಒಬ್ಬ ಅಜ್ಜಿ. ಹಿಂದೆ ಮೌರೀನ್, ಕೈಗಡಿಯಾರದ ಮನುಷ್ಯ, ಕತ್ತಿಯವರು, ರತ್ನ, ಊರ ಪತ್ರಿಕೆಯ ಫೋಟೋದವನು. ಅಜ್ಜಿ ಒಲೆ ನೋಡಿದರು, ಸಿಂಕು ನೋಡಿದರು, ಕುದಿಯುತ್ತಿದ್ದ ಸಾರು ನೋಡಿದರು. ಮೌರೀನಳ ಮುಖ ಸುಣ್ಣದಂತಾಯಿತು. ಹಾಳೆಯಲ್ಲಿದ್ದ ‘ಅಡುಗೆಮನೆ’ ಅಂದರೆ ಅಡುಗೆಯವರು ಅಂತ ಆಗ ಹೊಳೆಯಿತು. ಇವರು ಬಂದದ್ದೇ ನಾನು ಹೊರಹಾಕಿದ ಆ ಇಬ್ಬರನ್ನು ನೋಡುವುದಕ್ಕೆ.

ಅಲ್ಲಿ ಇದ್ದವನು ನಾನೊಬ್ಬನೇ. ಅಜ್ಜಿ ನನ್ನ ಕಡೆ ತಿರುಗಿ, ಘಮ ಬಹಳ ಚೆನ್ನಾಗಿದೆ, ಇದನ್ನು ಮಾಡಿದವರು ಯಾರು ಅಂತ ಕೇಳಿದರು.

ನನ್ನ ಬಾಯಿಗೆ ಉತ್ತರ ಸಿದ್ಧವಾಗಿಯೇ ಬಂತು. ಸಂಸ್ಥೆಯ ವತಿಯಿಂದ ಅಂತ ಶುರುಮಾಡಿಯೂಬಿಟ್ಟೆ. ಆ ಮಾತು ನನ್ನ ಕಿವಿಗೇ ಹಳತಾಗಿ ಕೇಳಿಸಿತು. ನಾಗಮಂಗಲದ ಪ್ರವಾಸಿ ಮಂದಿರದಲ್ಲಿ ಒಬ್ಬ ಮಂತ್ರಿಗಳು ಎರಡನೆಯ ಸಲ ಬಸ್ಸಾರು ಹಾಕಿಸಿಕೊಂಡು, ಯಾರ್ರೀ ಮಾಡಿದ್ದು ಇದನ್ನ ಅಂತ ಕೇಳಿದ್ದರು. ಇಲಾಖೆ ವತಿಯಿಂದ ವ್ಯವಸ್ಥೆ ಮಾಡಿದ್ದೇವೆ ಸಾರ್ ಅಂದಿದ್ದೆ. ಅವರು ತಲೆಯಾಡಿಸಿ ಕೈತೊಳೆಯಲು ಎದ್ದಿದ್ದರು. ಅಷ್ಟು ವರ್ಷಗಳಲ್ಲಿ ಅದನ್ನು ನಾನು ಒಂದು ಸಲವೂ ನೆನೆಸಿಕೊಂಡಿರಲಿಲ್ಲ.

ಅರ್ಧಕ್ಕೆ ನಿಂತೆ. ಅಜ್ಜಿ ಕಾಯುತ್ತಿದ್ದರು.

“ನನ್ನ ಹೆಂಡತಿ, ಮೇಡಂ,” ಅಂದೆ. “ಹೊರಗೆ ನಿಲ್ಲಿಸಿದ್ದೇನೆ. ಕಸದ ಡಬ್ಬಿಗಳ ಹತ್ತಿರ.”

ಕಸದ ಡಬ್ಬಿಗಳ ಹತ್ತಿರ

ಕೈಗಡಿಯಾರದ ಮನುಷ್ಯ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಅವನ ಕಡೆ ನೋಡಲೇ ಇಲ್ಲ. ಹಾಗಾದರೆ ಅಲ್ಲಿಗೇ ಹೋಗೋಣ ಅಂದು ಹಿಂಬಾಗಿಲ ಕಡೆ ನಡೆದುಬಿಟ್ಟರು. ನಾನು ಓಡಿ ಹೋಗಿ ಚಿಲಕ ತೆಗೆದು ಬಾಗಿಲು ಹಿಡಿದು ನಿಂತೆ. ಒಬ್ಬರ ಹಿಂದೆ ಒಬ್ಬರು ಆ ಕಿರಿದಾದ ಬಾಗಿಲಲ್ಲಿ ನುಸುಳಿದರು. ರಾಜಪ್ರತಿನಿಧಿಯವರ ಕತ್ತಿ ನೆಲ ಒರೆಸುವ ಕೋಲಿಗೆ ಸಿಕ್ಕಿ, ಅದೂ ಅವರ ಜೊತೆಯೇ ಹಿತ್ತಲಿಗೆ ಬಂತು.

ಹಿತ್ತಲಲ್ಲಿ ಮೂರು ದೊಡ್ಡ ಡಬ್ಬಿಗಳು, ಒಂದು ಹಸಿರು, ಎರಡು ಕಪ್ಪು. ಅವುಗಳ ನಡುವೆ ಡೋರೀನ್ ಸಿಗರೇಟು ಹಚ್ಚಲು ಹೊರಟಿದ್ದಳು. ಅತಿಥಿಯನ್ನು ಕಂಡು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಮಂಡಿ ಬಗ್ಗಿಸಿದಳು. ಪಕ್ಕದಲ್ಲಿ ಜಯಮ್ಮ. ಚಳಿಗೆ ಎರಡೂ ಕೈ ಕಂಕುಳಲ್ಲಿಟ್ಟುಕೊಂಡಿದ್ದವಳು ತಟಕ್ಕನೆ ತೆಗೆದಳು.

ಅಜ್ಜಿ ಅವಳ ಎದುರಿಗೇ ಹೋಗಿ ನಿಂತು ಕೈ ಚಾಚಿದರು. ಆ ಕುಟುಂಬದವರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು, ದೂರದಿಂದ ಬಂದಿರಾ ಅಂತ. ರತ್ನ ಅದನ್ನು ಕನ್ನಡಕ್ಕೆ ಹೇಳಿದಳು.

“ದೂರ ಏನಿಲ್ಲ,” ಅಂದಳು ಜಯಮ್ಮ. “ಒಲೆ ತಾವಿಂದ ಬಂದೆ. ನಮ್ಮನೆಯವ್ರು ಆಚೆಗ್ ಕಳಿಸ್ಬುಟ್ರು.”

ರತ್ನ ನನ್ನ ಮುಖ ನೋಡಿದಳು. ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡೆ. ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದಳು. ಅಜ್ಜಿ ನಕ್ಕರು. ಬಾಯಿ ಮುಚ್ಚಿಕೊಂಡು ನಗುವ ನಗುವಲ್ಲ, ಡಬ್ಬಿಯ ಮೇಲೆ ಒಂದು ಕೈ ಊರಿಕೊಂಡು ನಕ್ಕರು. ನಾನು ಕಿತ್ತಳೆ ಕೋಟಿನೊಳಗೆ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿದೆ.

ಎಷ್ಟು ವರ್ಷದಿಂದ ಬಂದವರಿಗೆ ಅಡುಗೆ ಮಾಡುತ್ತಿದ್ದೀರಿ ಅಂತ ಕೇಳಿದರು. ಮೂವತ್ತು ವರ್ಷ, ಮಂತ್ರಿಗಳಿಗೆ, ಅಂದಳು ಜಯಮ್ಮ. ತಾನು ಅದಕ್ಕಿಂತ ಹೆಚ್ಚು ವರ್ಷದಿಂದ ಬೇರೆಯವರು ಮಾಡಿದ ಅಡುಗೆಯ ಘಮ ಮಾತ್ರ ಕುಡಿದು ಬರುತ್ತಿದ್ದೇನೆ, ಎಲ್ಲ ಕಡೆಯೂ ಪರದೆ ಎಳೆದು ಹೊರಡುವ ಹೊತ್ತಾಗಿರುತ್ತದೆ ಅಂದರು ಅಜ್ಜಿ. ಅದನ್ನು ಕೇಳಿದ್ದೇ ಜಯಮ್ಮನಿಗೆ ಇವರು ರಾಜಮನೆತನ, ತಾನು ಕಿಕ್ಕೇರಿ ಅನ್ನುವುದೆಲ್ಲ ಮರೆತುಹೋಯಿತು. ಹಸಿದಿರುವ ಮನುಷ್ಯರನ್ನು ಕಂಡರೆ ಅವಳು ಹಾಗೇ. ಒಂದ್ನಿಮ್ಸ ಅಂತ ಒಳಗೆ ಓಡಿದಳು, ಸಣ್ಣ ತಟ್ಟೆಯಲ್ಲಿ ಅರ್ಧ ಮುದ್ದೆ, ಮೇಲೊಂದಿಷ್ಟು ಸಾರು ತಂದು ಹಿಡಿದಳು. ಕೈಗಡಿಯಾರದವನು ತಲೆಯಲ್ಲಾಡಿಸಿದ. ಹೋದಲ್ಲಿ ಬಂದಲ್ಲಿ ಏನೂ ತಿನ್ನುವುದಿಲ್ಲ, ಅದು ಕಟ್ಟುನಿಟ್ಟಂತೆ.

ಅಜ್ಜಿ ಬಲಗೈಯ ಗ್ಲೌಸು ತೆಗೆದು ಅವನ ಕೈಗೇ ಕೊಟ್ಟರು. ಜಯಮ್ಮ ತೋರಿಸಿದ ಹಾಗೆ ಬೆರಳಲ್ಲಿ ಚೂರು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ಹಾಕಿಕೊಂಡು ಅಗಿಯತೊಡಗಿದರು.

ಜಯಮ್ಮ ಅವರ ಮೊಣಕೈ ಹಿಡಿದೇಬಿಟ್ಟಳು. “ಅಗೀಬಾರ್ದು ಕಣವ್ವ. ಅಂಗೇ ನುಂಗ್ಬುಡ್ಬೇಕು.”

ಅವರೇ ಕೈ ಚಾಚುವವರೆಗೆ ಮುಟ್ಟಬಾರದು ಅಂತ ಎರಡು ವಾರದಿಂದ ಎಲ್ಲರಿಗೂ ಪಾಠ ಹೇಳಿದವನು ನಾನು. ಕತ್ತಿಯವರ ಕಡೆ ನೋಡಿದೆ. ಅವರು ನೆಲ ಒರೆಸುವ ಕೋಲನ್ನು ಬಿಡಿಸಿಕೊಳ್ಳುವುದರಲ್ಲಿದ್ದರು. ಅಜ್ಜಿ ಜಯಮ್ಮನ ಮುಖವನ್ನೇ ನೋಡುತ್ತಾ, ಕಣ್ಣು ಮುಚ್ಚಿ, ಗುಳಕ್ ಅಂತ ನುಂಗಿದರು. ಆಮೇಲೆ ಇನ್ನೊಂದು ಚೂರು ಮುರಿದರು. ಈ ಸಲ ಅಗಿಯಲಿಲ್ಲ.

ಡೋರೀನಳನ್ನೂ ಮಾತಾಡಿಸಿದರು. ಎಷ್ಟು ವರ್ಷದಿಂದ ತೊಳೆಯುತ್ತಿದ್ದೀರಿ, ಕೈ ಒಡೆಯುವುದಿಲ್ಲವೇ ಅಂತ ಕೇಳಿ, ಅವಳ ಬೆರಳು ಹಿಡಿದು ನೋಡಿದರು. ಹಾಲಿನಲ್ಲಿ ಪರದೆ ಎಳೆಯುವ ಹೊತ್ತಿಗೆ ಕಾರ್ಯಕ್ರಮ ಹನ್ನೆರಡು ನಿಮಿಷ ತಡವಾಗಿತ್ತು. ತಡವಾದ ಕಾರ್ಯಕ್ರಮ ನೋಡಿ ನನಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಆಮೇಲೆ ಮೌರೀನಳ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ತಾನೇ ನನ್ನಲ್ಲಿ ಎರಡು ಸಲ ಕ್ಷಮೆ ಕೇಳಿ, ಅದೊಂದು ಚೆಂದದ ಯೋಚನೆಯಾಗಿತ್ತು ಅಂದಳು. ಅರ್ಥವಾಯಿತು ಅಂದೆ.

ವಾಪಸು

ಹೊರಡುವ ಮುಂಚೆ ಅಲ್ಲಿನ ಊರ ಪತ್ರಿಕೆಯಲ್ಲಿ ಫೋಟೋ ಬಂತು. ಬೆಂಗಳೂರಿಂದ ಅರಕೆರೆಗೆ ಬರುವ ಕಾರಿನಲ್ಲಿ ಜಯಮ್ಮ ಚೀಲದಿಂದ ಆ ಪತ್ರಿಕೆ ತೆಗೆದು ಮಂಡಿಯ ಮೇಲೆ ಹರಡಿಕೊಂಡಳು. ಹಸಿರು ಡಬ್ಬಿ, ಪಕ್ಕದಲ್ಲಿ ನೀಲಿ ಕೋಟಿನ ಅಜ್ಜಿ, ಅವರ ಎದುರು ಜಯಮ್ಮ. ಸ್ವೆಟರಿನ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಹೊಡೆದ ಫೋಟೋ ಅದು. ನಾನು ಅದರಲ್ಲಿಲ್ಲ. ಅಂಚಿನಲ್ಲಿ ಬಾಗಿಲು ಹಿಡಿದ ಒಂದು ಕಿತ್ತಳೆ ಮೊಣಕೈ ಇದೆ, ಅದು ನನ್ನದು.

ಶ್ರೀರಂಗಪಟ್ಟಣ ಬರುವವರೆಗೂ ಅದನ್ನೇ ನೋಡುತ್ತಿದ್ದಳು. ಆ ಚಳಿಯಲ್ಲಿ ಡಬ್ಬಿ ಹತ್ತಿರ ನಿಲ್ಲಿಸಿದೆನಲ್ಲ, ಬೇಜಾರಾಯಿತೇನೆ ಅಂತ ಕೇಳಿದೆ. ಇಷ್ಟು ದಿನ ಕೇಳಲು ಧೈರ್ಯ ಬಂದಿರಲಿಲ್ಲ.

ಅವಳು ಫೋಟೋದಲ್ಲಿ ತನ್ನ ಸೆರಗಿನ ಮೇಲೆ ಬೆರಳಿಟ್ಟಳು. “ನಾಗಮಂಗ್ಲದಲ್ಲಿ ಆ ಮಿನಿಸ್ಟ್ರು ಬಸ್ಸಾರು ಯಾರು ಮಾಡಿದ್ದು ಅಂತ ಕೇಳುದ್ರಲ್ಲ, ಆಗ್ಲೂ ಇಂಗೇ ಸೆರಗು ಸರಿ ಮಾಡ್ಕೊಂಡು ಬಾಗ್ಲಿಂದೆ ನಿಂತಿದ್ದೆ ಕಣ್ರೀ. ನೀವು ಕರೀತೀರಿ ಅಂತ.”

ಕಾರು ಅರಕೆರೆ ಕಡೆಗೆ ತಿರುಗಿತು. ಎರಡೂ ಕಡೆ ಗದ್ದೆ, ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಇಲಾಖೆ ವತಿಯಿಂದ ಅಂತ ನಾನು ಅಂದದ್ದನ್ನೂ ಕೇಳಿಸಿಕೊಂಡಿದ್ದೆಯಾ ಅಂದೆ.

“ಊಂ,” ಅಂದಳು. “ಕರೆದ್ರಲ್ಲ ಈಗ. ಬುಡಿ.”

ಪತ್ರಿಕೆ ಮಡಿಸಿ ಚೀಲಕ್ಕಿಟ್ಟುಕೊಂಡಳು. ಮನೆಯ ನಡುಮನೆಯಲ್ಲಿ ನಾನು ಮಂತ್ರಿಗಳ ಜೊತೆ ನಿಂತ ಹನ್ನೊಂದು ಫೋಟೋಗಳಿವೆ. ಮರುದಿನವೇ ನಡುವಿನದನ್ನು ಇಳಿಸಿ, ಆ ಮೊಳೆಗೆ ಇದನ್ನು ಕಟ್ಟು ಹಾಕಿಸಿ ತಗುಲಿಸಿದೆ. ಬಂದವರು, ಈ ಬಿಳಿ ಅಜ್ಜಿ ಯಾರು ಅಂತ ಕೇಳುತ್ತಾರೆ. ಅಜ್ಜಿಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಅಡುಗೆಮನೆಯ ಕಡೆ ತಿರುಗಿ ಜಯಮ್ಮನನ್ನು ಕರೆಯುತ್ತೇನೆ.